ಒಬ್ಬರೇ ಕೂರುವ ಎರಡು ಕುರ್ಚಿ

ವಿಶ್ವವಿದ್ಯಾನಿಲಯದ ಮಾನ್ಯ ರಿಜಿಸ್ಟ್ರಾರ್ ಸಾಹೇಬರೇ,

ವಿದ್ಯಾರ್ಥಿಗಳ ಕಷ್ಟಸುಖ ಕೇಳಲು ನಮ್ಮ ಹುಡುಗರು ಓದುವ ಕಾಲೇಜಿನಲ್ಲಿ ತಾವು ಒಬ್ಬ ಸಲಹೆಗಾರರನ್ನು ನೇಮಿಸಿದ್ದೀರಿ. ಅದೇ ವಿದ್ಯಾರ್ಥಿಗಳ ತಪ್ಪೊಪ್ಪು ವಿಚಾರಿಸಲು ಒಬ್ಬ ವಿಚಾರಣಾಧಿಕಾರಿಯನ್ನೂ ನೇಮಿಸಿದ್ದೀರಿ. ಇಬ್ಬರೂ ಒಬ್ಬರೇ. ಒಂದೇ ಕೋಣೆ, ಒಂದೇ ರುಮಾಲು, ಒಂದೇ ಕನ್ನಡಕ. ಕುರ್ಚಿ ಮಾತ್ರ ಎರಡು. ಯುದ್ಧಕಾಲದಲ್ಲಿ ಸೀಮೆಎಣ್ಣೆಗೂ ಸಕ್ಕರೆಗೂ ರೇಷನ್ ಇರುವಾಗ ಮನುಷ್ಯರಲ್ಲೂ ಮಿತವ್ಯಯ ಮಾಡಿದ್ದೀರಿ, ಸಂತೋಷ. ಆದರೆ ಈ ಉಳಿತಾಯಕ್ಕೆ ನನ್ನ ಅಕ್ಕನ ಮಗ ಒಂದು ವರ್ಷ ತೆತ್ತ.

ಹುಡುಗ ಮುನಿಶಾಮಿ, ಹೋಳೂರಿನವನು, ಬೆಂಗಳೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದ. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಹುಳು ಗೂಡು ಕಟ್ಟುವ ಮುಂಚಿನ ವಾರ ಅದರ ಹಸಿವು ಬಕಾಸುರನದು. ಆ ವಾರವೇ ನನ್ನ ಅಕ್ಕ ಬೈರಮ್ಮ ಚಳಿಜ್ವರದಲ್ಲಿ ಮಲಗಿದಳು. ಪೆಟ್ರೋಲಿಲ್ಲದೆ ಇದ್ದಲು ಹೊಗೆಯಲ್ಲೇ ಓಡುವ ಬಸ್ಸು ಹತ್ತಿ ಹುಡುಗ ಓಡಿಬಂದ. ಹುಳುಮನೆಯಲ್ಲಿ ಸೊಪ್ಪು ಹಾಕಿದವರು ಗೂಡಾಗುವ ತನಕ ಊರ ಗಡಿ ದಾಟಬಾರದೆಂಬುದು ನಮ್ಮ ಮನೆಯ ಕಟ್ಟು. ರಜೆಯನ್ನು ಖುದ್ದಾಗಿ ಬಂದು ಕೇಳಬೇಕೆಂಬುದು ತಮ್ಮ ಕಟ್ಟು. ಎರಡು ಕಟ್ಟುಗಳ ನಡುವೆ ಹಾಜರಿ ಕಡಿಮೆಯಾಯಿತು.

ಕಾಲೇಜಿಗೆ ವಾಪಸಾದ ಹುಡುಗನಿಗೆ ಕಂಡದ್ದು ‘ವಿದ್ಯಾರ್ಥಿ ಸಲಹೆಗಾರರು’ ಎಂಬ ಬೋರ್ಡು. ಒಳಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ದಡ್ಡನೇ? ಅಲ್ಲ ಸ್ವಾಮಿ, ಹೋಳೂರಿನವನು. ನಮ್ಮಲ್ಲಿ ಒಂದು ಪದ್ಧತಿಯಿದೆ: ಯಾರ ಮುಂದೆ ಮೊದಲು ಮನಸ್ಸು ಬಿಚ್ಚುತ್ತೇವೋ ಅವರು ಆ ನ್ಯಾಯ ನಡೆಯುವ ದಿನ ಪಂಚಾಯಿತಿ ಕಟ್ಟೆ ಹತ್ತುವಂತಿಲ್ಲ. ಕೆಳಗೆ ನಿಂತು ನಮ್ಮ ಪರ ಮಾತಾಡಬೇಕು. ಅದಕ್ಕೇ ಊರಿನ ಅರ್ಧ ಜನ ತಮ್ಮ ಗೋಳನ್ನು ಗೂಡಿನ ವ್ಯಾಪಾರಿ ಗೌಸ್ ಮೊಹಿದ್ದೀನ್ ಸಾಹೇಬರಿಗೆ ಮೊದಲು ಹೇಳಿಬಿಡುತ್ತಾರೆ. ಪಾಪ, ಅವರಿಗೆ ಕಟ್ಟೆ ಹತ್ತುವ ಭಾಗ್ಯವೇ ಬಂದಿಲ್ಲ.

ತಮ್ಮ ಸಲಹೆಗಾರರು ಕಾಫಿ ತರಿಸಿದರು, ತಲೆದೂಗಿದರು, “ಸತ್ಯ ಹೇಳಿದೆ, ಒಳ್ಳೆಯದಾಯಿತು” ಎಂದರು. ಮರುವಾರ ಪಕ್ಕದ ಕುರ್ಚಿಯಲ್ಲಿ ಕೂತು, “ಆರೋಪಿ ತಾನೇ ಒಪ್ಪಿಕೊಂಡಿದ್ದಾನೆ” ಎಂದು ಪರೀಕ್ಷೆಗೆ ಕೂರದಂತೆ ಮಾಡಿದರು.

ಹುಡುಗ ಊರಿಗೆ ತಂದ ಸುದ್ದಿ ಕೇಳಿ ಅಕ್ಕ ಕಂಬಳಿಯೊಳಗಿಂದಲೇ ವಿಚಾರಣೆ ನಡೆಸಿದಳು.

“ಏಮಿರಾ, ಆಯಪ್ಪ ನೀನು ಹೇಳಿದ್ದು ಕೇಳಿಸ್ಕೊಂಡ್ನಾ?”

“ಕೇಳಿಸ್ಕೊಂಡ್ರಮ್ಮ. ಕಾಫಿನೂ ಕೊಡ್ಸಿದ್ರು.”

“ಕಾಫಿಗೆ ಬಾಯ್ಬಿಟ್ಟಾ? ನಿಮ್ಮಪ್ಪನೂ ಹಿಂಗೇ ಕಣೋ. ಯಾರಾದ್ರೂ ಬೀಡಿ ಕೊಟ್ರೆ ಸಾಕು, ಮನೆ ಮರ್ಯಾದೆಯೆಲ್ಲ ಹರವೋನು.”

ಗೂಡು ಕೊಳ್ಳಲು ಬಂದಿದ್ದ ಗೌಸ್ ಸಾಹೇಬರು ಬಾಗಿಲಲ್ಲೇ ನಿಂತು, “ತಪ್ಪು ಹುಡುಗಂದಲ್ಲ ಬೈರಮ್ಮಕ್ಕಾ. ಆ ಸಾಹೇಬ್ರು ಮೊದ್ಲೇ ಹೇಳ್ಬೇಕಿತ್ತು, ಬೇಟಾ, ನಾನೇ ಕಟ್ಟೆ ಮೇಲೂ ಕೂರೋನು, ಬಾಯಿ ಮುಚ್ಕೋ ಅಂತ” ಎಂದರು.

ಹುಡುಗ ತಪ್ಪು ಮಾಡಿರಲಿಲ್ಲವೇ ಎಂದು ತಾವು ಕೇಳಬಹುದು. ಮಾಡಿದ್ದ. ತಪ್ಪೇ ಮಾಡದವನಿಗೆ ಸಲಹೆಯ ಅಗತ್ಯವೇನು? ತಾಯಿಯ ಕಾಯಿಲೆಗೆ ಡಾಕ್ಟರ ಸರ್ಟಿಫಿಕೇಟು ತಂದರೆ ಹಾಜರಿಯ ಕೊರತೆಯನ್ನು ಮನ್ನಾ ಮಾಡುವ ನಿಯಮವೊಂದು ಇದೆಯಂತೆ. ನಮಗೆ ಅದು ತಿಳಿದದ್ದು ವಿಚಾರಣೆ ಮುಗಿದ ಮೇಲೆ. ಸಲಹೆಗಾರರಿಗೆ ಮೊದಲೇ ತಿಳಿದಿತ್ತು. ಅವರೂ ಏನು ಮಾಡಿಯಾರು? ಕಾಲೇಜಿನ ಸಂಬಳ ಉಣ್ಣುವ ಬಾಯಿಗೆ ಕಾಲೇಜಿನಿಂದ ತಪ್ಪಿಸಿಕೊಳ್ಳುವ ದಾರಿ ಹೇಳು ಎಂದರೆ ನಾಲಿಗೆ ಹೊರಳೀತೇ?

ಹೋದ ವರ್ಷವನ್ನು ತಿರುಗಿ ಕೊಡಿ ಎಂದು ಕೇಳುವಷ್ಟು ಆಸೆ ನನಗಿಲ್ಲ. ಹುಡುಗ ಈಗ ಊರಲ್ಲೇ ಇದ್ದಾನೆ. “ಏನ್ಲಾ ಸಮಾಚಾರ?” ಎಂದರೆ “ಏನಿಲ್ಲ ಮಾವ” ಎನ್ನುತ್ತಾನೆ. ಹೊಟ್ಟೆನೋವು ಬಂದರೂ ಏನಿಲ್ಲ, ಎದುರಿಗೇ ಅತ್ತರೂ ಏನಿಲ್ಲ. ಯಾರ ಮುಂದೆಯೂ ಬಾಯಿ ಬಿಡಬಾರದೆಂಬ ಒಂದು ಪಾಠವನ್ನಂತೂ ತಮ್ಮ ಕಾಲೇಜು ಪೂರ್ತಿ ಕಲಿಸಿದೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಕಾಲೇಜಿನ ಹಂಗಿಲ್ಲದ, ಕಟ್ಟೆ ಹತ್ತದ ಒಬ್ಬ ಸಲಹೆಗಾರರನ್ನು ಹುಡುಗರಿಗೆ ಕೊಡಿ. ಆಗದಿದ್ದರೆ ಆ ಬೋರ್ಡನ್ನಾದರೂ ಇಳಿಸಿ. ಕೇಳಿದವರ ಮುಂದೆ ಮನಸ್ಸು ಬಿಚ್ಚುವ ಹುಡುಗರು ಮುಳಬಾಗಿಲಲ್ಲೂ ಮಾಲೂರಲ್ಲೂ ಇನ್ನೂ ಇದ್ದಾರೆ.

ಇದನ್ನು ಮುನಿಶಾಮಿಗೆ ಓದಿ ಹೇಳಿದೆ. ಬಹಳ ದಿನಗಳ ಮೇಲೆ ಅವನು ಒಂದು ಪೂರ್ತಿ ಮಾತನ್ನಾಡಿದ.

“ವಿದ್ಯಾರ್ಥಿಗಳ ಕಡೆಯಿಂದ ಬರೋ ಕಾಗದಗಳೆಲ್ಲ ಆ ಸಲಹೆಗಾರ್ರಿಗೇ ಹೋಗ್ತವೆ ಮಾವ.”

ಹಾಗಿದ್ದಲ್ಲಿ, ಮಾನ್ಯ ಸಲಹೆಗಾರರೇ, ತಮಗೂ ನಮಸ್ಕಾರ. ತಾವು ಇದನ್ನು ಯಾವ ಕುರ್ಚಿಯಲ್ಲಿ ಕೂತು ಓದುತ್ತಿದ್ದೀರಿ? ನನಗೆ ಕಾಫಿ ಬೇಡ.

ಇಂತಿ,
ಕೇಳುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡಿರುವ
ಹುಡುಗನ ಸೋದರಮಾವ
ಹೋಳೂರು, ಕೋಲಾರ ತಾಲ್ಲೂಕು