ನಾಲ್ಕು ಸಾಲು ಸೂಜಿ ತೂತು

ಶನಿವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ ಹತ್ತು ಗಂಟೆ

ನನ್ನ ಪುಟ್ಟಿಗೆ, ಅಕ್ಕನ ಆಶೀರ್ವಾದಗಳು.

ಎಡಗಾಲೊಂದನ್ನು ಬಿಟ್ಟರೆ ನಾನು ಕ್ಷೇಮ. ನೀನು, ನಿನ್ನ ಯಜಮಾನರು, ಮಕ್ಕಳು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ ಎಂದು ಶುರು ಮಾಡುವುದು ವಾಡಿಕೆ. ಆರು ವರ್ಷದ ತಡಕ್ಕೆ ಏನೆಂದು ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಮದುವೆ ಮನೆಗಳಲ್ಲಿ ಎದುರಾದಾಗ ಊಟ ಆಯಿತಾ ಎಂದು ಕೇಳಿ ಮುಂದೆ ಹೋಗಿದ್ದೇನೆ, ಅಷ್ಟೇ. ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ನನಗೆ ಸಿಟ್ಟು ನೆತ್ತಿಗೇರುತ್ತದೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ. ಪೂರ್ತಿ ಓದು, ಡ್ಯೂಟಿಗೆ ಹೊತ್ತಾಯಿತು ಎಂದು ನಡುವೆ ಎದ್ದು ಹೋಗಬೇಡ.

ನಮ್ಮ ಬೀದಿಯ ಹೆಂಗಸರ ಜೊತೆ ನಾನು ಹೊರದೇಶಕ್ಕೆ ಪ್ರವಾಸ ಬಂದಿರುವುದನ್ನು ನಿನಗೆ ಯಾರಾದರೂ ಹೇಳಿರುತ್ತಾರೆ. ಮೂವತ್ತು ವರ್ಷ ಊರವರ ರವಿಕೆ ಹೊಲಿದು ಬಾಗಿದ ಬೆನ್ನನ್ನು ಒಂದು ಸಲವಾದರೂ ನೆಟ್ಟಗೆ ಮಾಡಿಕೊಂಡು ಲೋಕ ನೋಡೋಣ ಎಂದು ಹೊರಟೆ. ನಾಲ್ಕನೇ ದಿನವೇ ಯಾವುದೋ ಹಾಳು ಮೆಟ್ಟಿಲ ಮೇಲೆ ಕಾಲು ಉಳುಕಿ ಪಾದ ಕುಂಬಳಕಾಯಿಯಾಯಿತು. ಡಾಕ್ಟರು ಹತ್ತು ದಿನ ಓಡಾಡಬೇಡಿ ಎಂದರು. ಜೊತೆಯವರು ಅಯ್ಯೋ ಪಾಪ ಎಂದು ಹಣ್ಣು ತಂದಿಟ್ಟು, ವಾಪಸು ಇದೇ ದಾರಿಯಲ್ಲೇ ಬರುತ್ತೇವೆ, ಆಗ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿ ಬಸ್ಸು ಹತ್ತಿದರು. ನಾಳೆ ಬರುತ್ತಾರೆ. ಹೊರಡುವ ಮೊದಲು, ಇಲ್ಲಿ ಒಬ್ಬ ಮನುಷ್ಯನಿಗೆ ನಾನು ಏನು ಮಾಡಿದೆ ಎಂಬುದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಉಸಿರು ಕಟ್ಟುತ್ತದೆ.

ನನ್ನದು ನೆಲಮಹಡಿಯ ಬಾಡಿಗೆ ಕೋಣೆ. ಗೋಡೆಯಾಚೆ ಒಂದು ದರ್ಜಿ ಅಂಗಡಿ, ಅದರ ಹಿಂದೆಯೇ ಆ ದರ್ಜಿಯ ಮನೆ. ಮೊದಲ ದಿನ ಒಬ್ಬಳೇ ಮಲಗಿ ಅಳುತ್ತಿದ್ದಾಗ ಗೋಡೆಯಾಚೆಯಿಂದ ಹೊಲಿಗೆ ಮಿಷಿನ್ನಿನ ಸದ್ದು ಕೇಳಿಸಿತು. ತವರಿನವರು ಕರೆದ ಹಾಗಾಯಿತು ಕಣೇ. ಕುಂಟುತ್ತಾ ಹೋಗಿ ಬಾಗಿಲಲ್ಲಿ ನಿಂತೆ. ನನ್ನ ವಯಸ್ಸಿನವಳೇ ಒಬ್ಬ ಹೆಂಗಸು, ಕತ್ತಿನಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ. ನಾನು ಏನೂ ಹೇಳದೆ ಕೂತು ಮೇಜಿನ ಮೇಲಿದ್ದ ಅಂಗಿಗೆ ಗುಂಡಿಯ ಕಾಜಾ ಹಾಕತೊಡಗಿದೆ. ಆಕೆ ನನ್ನ ಕೈಯನ್ನೇ ನೋಡಿದಳು, ಸೂಜಿಗಳನ್ನು ಬಾಯಿಂದ ತೆಗೆದಳು, ನಕ್ಕಳು. ಅಷ್ಟೇ ನಮ್ಮ ಪರಿಚಯ. ಆಕೆಯ ಭಾಷೆ ನನಗೆ ಬಾರದು, ನನ್ನದು ಆಕೆಗೆ ಬಾರದು. ದರ್ಜಿಯಮ್ಮ ಎಂದು ಕರೆಯುತ್ತೇನೆ, ಓಗೊಡುತ್ತಾಳೆ. ಇಷ್ಟು ಬೇಗ ಯಾರನ್ನೂ ನಾನು ಹಚ್ಚಿಕೊಂಡವಳಲ್ಲ, ನಿನಗೇ ಗೊತ್ತು.

ಆಕೆಯ ಗಂಡ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಹಡಗಿನಲ್ಲಿ ಕಲಿತ ಅರೆಬರೆ ಇಂಗ್ಲಿಷು ಅವರಿಗಿದೆ, ಅಂಥದ್ದೇ ನನಗೂ ಇದೆ. ಅಡುಗೆಯವರಲ್ಲವೇ, ಭಟ್ಟರು ಎಂದು ಹೆಸರಿಟ್ಟೆ. ಅರ್ಥ ಹೇಳಿದಾಗ ಹಿಗ್ಗಿ ಹೀರೇಕಾಯಿಯಾದರು. ದಿನಾ ಬೆಳಿಗ್ಗೆ ನನ್ನ ಕೋಣೆಗೆ ಒಂದು ಬಟ್ಟಲು ಬಿಸಿ ಸಾರು, ಬ್ರೆಡ್ಡು ತಂದಿಟ್ಟು, ಉಪ್ಪು ಸರಿ ಇದೆಯಾ ಎಂದು ಕೇಳಿ, ಸರಿ ಇದೆ ಎನ್ನುವವರೆಗೂ ಬಾಗಿಲು ಬಿಟ್ಟು ಕದಲುವವರಲ್ಲ. ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆದದ್ದಕ್ಕೆ, ಟೋಪಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟದ್ದಕ್ಕೆ ಹೆಂಡತಿ ದಿನಕ್ಕೆ ಹತ್ತು ಸಲ ಗದರುತ್ತಾಳೆ. ಅವರು ಹ್ಞೂಂ ಎಂದು ತಲೆಯಾಡಿಸಿ, ಮಾರನೆಯ ದಿನ ಟೋಪಿಯನ್ನು ಅಲ್ಲೇ ಇಡುತ್ತಾರೆ.

ಎರಡು ದಿನ ಹೀಗೆ ಸುಖವಾಗಿ ಕಳೆಯಿತು. ಮೂರನೇ ದಿನ ನನ್ನ ಕಣ್ಣಿಗೆ ಒಂದು ಬಿತ್ತು. ಆ ಅಂಗಡಿಯಲ್ಲಿ ಕನ್ನಡಿಯೇ ಇಲ್ಲ. ಕನ್ನಡಿ ಇಲ್ಲದ ದರ್ಜಿ ಅಂಗಡಿಯನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಗೋಡೆಯ ಮೇಲೆ ಆಳೆತ್ತರದ ಬಿಳಿ ಗುರುತು, ಅದರ ಮೇಲೆ ಎರಡು ಮೊಳೆ. ಹೊಸ ಬಟ್ಟೆ ಹಾಕಿಕೊಂಡ ಗಿರಾಕಿಗಳು ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಹೋಗುತ್ತಾರೆ. ಒಡೆಯಿತಾ ಎಂದು ಭಟ್ಟರನ್ನು ಕೇಳಿದೆ. ಹೌದು, ಇವಳ ಕೈಜಾರಿ ಬಿತ್ತಂತೆ ಎಂದರು. ದರ್ಜಿಯಮ್ಮ ತಲೆ ಎತ್ತಲಿಲ್ಲ. ಬಚ್ಚಲಲ್ಲಿಯೂ ಗಡ್ಡ ಹೆರೆಯಲು ಅಂಗೈಯಗಲದ ಒಂದು ಚೂರು ಮಾತ್ರ ಇತ್ತು.

ಆಮೇಲೆ ಒಂದೊಂದೇ ಕಾಣತೊಡಗಿತು. ಬ್ರೆಡ್ಡು ತರುವವನು ಬೆಳಿಗ್ಗೆ ಬಂದು ಭಟ್ಟರ ಬೆನ್ನು ತಟ್ಟಿ ಏನೋ ಕೂಗುತ್ತಾನೆ. ಏನೆನ್ನುತ್ತಾನೆ ಎಂದು ಕೇಳಿದರೆ, ನನ್ನನ್ನು ದಪ್ಪಣ್ಣ ಅಂತಾನೆ ಎಂದು ಭಟ್ಟರು ನಗುತ್ತಾರೆ. ದಪ್ಪ ಎಲ್ಲಿಂದ ಬರಬೇಕು, ಅವರ ಮಣಿಕಟ್ಟು ನನ್ನದಕ್ಕಿಂತ ಸಣ್ಣ. ಅವರು ಒಳಗೆ ಹೋದ ಕೂಡಲೇ ಬ್ರೆಡ್ಡಿನವನ ಮುಖದಲ್ಲಿ ನಗು ಇರುತ್ತಿರಲಿಲ್ಲ. ಒಂದು ದಿನ ಬಹಳ ಕಾಲದ ಮೇಲೆ ಬಂದ ಗಿರಾಕಿಯೊಬ್ಬಳು ಭಟ್ಟರನ್ನು ಕಂಡು ಬಾಯಿ ತೆರೆದಳು. ಅವಳು ಮಾತಾಡುವ ಮೊದಲೇ ದರ್ಜಿಯಮ್ಮ ದೊಡ್ಡ ಕತ್ತರಿಯನ್ನು ನೆಲಕ್ಕೆ ಬೀಳಿಸಿದಳು. ಕೈಜಾರಲಿಲ್ಲ ಪುಟ್ಟಿ, ಬೀಳಿಸಿದಳು, ನಾನು ನೋಡಿದೆ.

ಬುಧವಾರ ಖಾಲಿ ಬಟ್ಟಲು ಕೊಡಲು ಅಡುಗೆಮನೆಗೆ ಹೋದವಳು ಬಾಗಿಲಲ್ಲೇ ನಿಂತೆ. ದರ್ಜಿಯಮ್ಮ ಗಂಡನ ಬಟ್ಟಲಿಗೆ ಯಾವುದೋ ಪುಡಿ ಸುರಿದು ಚಮಚದಲ್ಲಿ ಕಲಕುತ್ತಿದ್ದಳು. ನನ್ನನ್ನು ಕಂಡು ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತುಟಿಯ ಮೇಲೆ ಬೆರಳಿಟ್ಟಳು. ಈ ಮಹಾತಾಯಿ ಗಂಡನಿಗೆ ಏನು ಹಾಕುತ್ತಿದ್ದಾಳೆ, ಬೀದಿಗೆ ಬೀದಿಯೇ ಇದರಲ್ಲಿ ಸೇರಿದೆಯೇ ಎಂದುಕೊಂಡೆ. ಆ ಹೊತ್ತಿನಿಂದ ನನ್ನ ಬಟ್ಟಲನ್ನೂ ಮೂಸಿ ನೋಡಿಯೇ ಕುಡಿದೆ. ನಗಬೇಡ. ನನ್ನ ಜಾಗದಲ್ಲಿ ನೀನಿದ್ದರೆ ಕುಡಿಯುತ್ತಲೇ ಇರಲಿಲ್ಲ.

ನಿನ್ನೆ ದರ್ಜಿಯಮ್ಮ ದಾರ, ಗುಂಡಿ ತರಲು ಪೇಟೆಗೆ ಹೋಗಿದ್ದಳು. ಭಟ್ಟರು ತಮ್ಮ ಕಂದು ಪ್ಯಾಂಟನ್ನು ಹಿಡಿದುಕೊಂಡು ಬಂದರು. ಹುಕ್ಕು ಕಿತ್ತುಬಂದಿದೆ, ಅವಳಿಗೆ ಹೇಳಿದರೆ ಬೈಗುಳ, ನೀವೇ ಗುಟ್ಟಾಗಿ ಹಾಕಿಕೊಡಿ ಎಂದರು. ಸೊಂಟಪಟ್ಟಿಯನ್ನು ತಿರುವಿದೆ. ಒಳಗೆ ಬಟ್ಟೆ ಮುದ್ದೆ ಮುದ್ದೆಯಾಗಿ ಕೂತಿತ್ತು. ಹೊಲಿಗೆಯ ಪಕ್ಕದಲ್ಲಿ ಹಳೆಯ ಸೂಜಿ ತೂತುಗಳ ಸಾಲು, ಒಂದರ ಪಕ್ಕ ಒಂದು, ನಾಲ್ಕು. ಅಂದರೆ ನಾಲ್ಕು ಸಲ ಬಿಚ್ಚಿ, ಪ್ರತಿ ಸಲವೂ ಇನ್ನಷ್ಟು ಒಳಗೆ ಹಿಡಿದು ಹೊಲಿದಿದ್ದಾಳೆ. ಅಳತೆ ತಪ್ಪಿದ ಕೆಲಸ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಯಾವುದೋ ಅವಸರದಲ್ಲಿ ಕೆಡಿಸಿದ್ದಾಳೆ, ಗೆಳತಿಗೆ ಒಂದು ಉಪಕಾರವಾಗಲಿ ಎಂದುಕೊಂಡು ಪೂರ್ತಿ ಬಿಚ್ಚಿದೆ. ಮೊಟ್ಟಮೊದಲ ಸಾಲಿಗೇ ಹೊಲಿದೆ. ಹುಕ್ಕು ಹಾಕಿ, ಇಸ್ತ್ರಿ ಮಾಡಿ ಕೊಟ್ಟೆ.

ಭಟ್ಟರು ಒಳಗೆ ಹೋಗಿ ಹಾಕಿಕೊಂಡು ಬಂದರು. ಎರಡೂ ಮುಷ್ಟಿಯಲ್ಲಿ ಸೊಂಟವನ್ನು ಹಿಡಿದುಕೊಂಡಿದ್ದರು. ಬಿಟ್ಟರೆ ಪ್ಯಾಂಟು ಕಾಲಿಗೆ ಬೀಳುತ್ತಿತ್ತು. ಇದು ಯಾವ ಆನೆಯದು, ಬೇರೆಯವರದ್ದು ಕೊಟ್ಟಿರಲ್ಲ ಎಂದು ನಕ್ಕರು. ಆಮೇಲೆ ಜೇಬಿನ ಮೇಲಿನ ಎಣ್ಣೆ ಕಲೆ ಕಂಡಿತು, ಅದು ಅವರ ಕೈಯದೇ ಕಲೆ. ನಗು ನಿಂತಿತು. ಸೊಂಟಪಟ್ಟಿ ತಿರುಗಿಸಿ ಆ ತೂತುಗಳ ಮೇಲೆ ಹೆಬ್ಬೆರಳು ಆಡಿಸಿದರು. ತಮ್ಮ ಭಾಷೆಯಲ್ಲಿ ಎಣಿಸಿದರು. ನನ್ನ ಮುಖ ನೋಡಿದರು.

ಸ್ಟೂಲಿನ ಮೇಲೆ ಕೂತು, “ಡಾಕ್ಟರು ಹೊಟ್ಟೆ ಹುಣ್ಣು ಅಂತ ಹೇಳಿದ್ರು. ಪ್ಯಾಂಟು ಸರಿಯಾಗೇ ಕೂರ್ತಿತ್ತಲ್ಲ, ನಾನೂ ನಂಬಿದೆ” ಎಂದರು.

ಆಮೇಲೆ ಪ್ಯಾಂಟು ಬದಲಿಸಿ ಬಂದು, ಅದನ್ನು ನನ್ನ ಮಡಿಲಿಗೆ ಹಾಕಿದರು. “ಅವಳು ಬರೋದ್ರೊಳಗೆ ಮೊದಲಿನ ಹಾಗೇ ಹಿಡಿದುಬಿಡಿ. ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗಬಾರದು.”

ಯಾಕೆ ಎಂದು ಕೇಳಿದೆ.

“ಗೊತ್ತಾದ್ರೆ ನಾಳೆಯಿಂದ ಬೈಯೋದು ನಿಲ್ಲಿಸ್ತಾಳೆ. ನನ್ನ ಮನೇಲಿ ನಾನು ನೆಂಟನ ಥರ ಇರಬೇಕಾಗುತ್ತೆ.”

ಹೊಲಿದೆ. ಆಕೆಯ ಕೊನೆಯ ಸಾಲಿನ ತೂತುಗಳಲ್ಲೇ ಸೂಜಿ ತೂರಿಸಿ, ಒಂದೊಂದಾಗಿ, ಕಳ್ಳಿಯ ಹಾಗೆ ಬಾಗಿಲ ಕಡೆ ನೋಡುತ್ತಾ ಹೊಲಿದೆ. ದರ್ಜಿಯಮ್ಮ ಬಂದಾಗ ಭಟ್ಟರು ಅದನ್ನೇ ಹಾಕಿಕೊಂಡು ನಿಂತಿದ್ದರು, ಟೋಪಿ ಮೇಜಿನ ಮೇಲಿತ್ತು. ಆಕೆ ಶುರು ಮಾಡಿದಳು. ಬೈದು ಮುಗಿಸುವವರೆಗೂ ಅವರು ಅಲ್ಲಾಡದೆ ನಿಂತು ಕೇಳಿದರು.

ಮುಗಿಯಿತು ಎಂದುಕೊಂಡೆ. ಇವತ್ತು ಬೆಳಿಗ್ಗೆ ಭಟ್ಟರು ಸ್ನಾನಕ್ಕೆ ಹೋಗಿದ್ದಾಗ ದರ್ಜಿಯಮ್ಮ ಆ ಪ್ಯಾಂಟನ್ನು ಕೈಯಲ್ಲಿ ಹಿಡಿದು ನನ್ನ ಕೋಣೆಗೆ ಬಂದಳು. ಸೊಂಟಪಟ್ಟಿ ತಿರುವಿ ನನ್ನ ಹೊಲಿಗೆಯ ಮೇಲೆ ಬೆರಳಿಟ್ಟಳು. ತನ್ನ ಕೈಯ ಹೊಲಿಗೆ ಯಾವುದು, ಪರರದ್ದು ಯಾವುದು ಎಂದು ದರ್ಜಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಕಣ್ಣು ತಗ್ಗಿಸಿದೆ. ಆಕೆ ಕೂಗಾಡುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ನಾನು ಬಿಟ್ಟಿದ್ದ ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ತೆಗೆದಳು, ಪ್ಯಾಂಟನ್ನು ಮಡಚಿದಳು, ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಆಕೆ ಗಂಡನನ್ನು ಬೈಯುವುದು ಕೇಳಿಸಿತು. ಎಂದಿಗಿಂತ ಜೋರಾಗಿತ್ತು. ಈ ಕಾಗದ ಬರೆಯುತ್ತಿರುವಾಗಲೂ ಕೇಳಿಸುತ್ತಿದೆ. ಆಕೆಗೆ ಎಲ್ಲ ಗೊತ್ತಾಗಿದೆ, ಆಕೆಗೆ ಗೊತ್ತಾಗಿದೆ ಎಂದು ಭಟ್ಟರಿಗೆ ಗೊತ್ತಿಲ್ಲ. ಇನ್ನು ಇರುವಷ್ಟು ದಿನ ಇಬ್ಬರೂ ಹೀಗೇ ಇರಬೇಕು. ಅದನ್ನು ಮಾಡಿಟ್ಟು ನಾನು ನಾಳೆ ಬಸ್ಸು ಹತ್ತುತ್ತೇನೆ.

ಇವತ್ತು ಸಾರು ಬಂದಿಲ್ಲ. ಬರುತ್ತದೆ ಎಂದು ನಾನೂ ಕಾದಿಲ್ಲ.

ನಿನ್ನ ದೊಡ್ಡವಳಿಗೆ ಪರೀಕ್ಷೆ ಹತ್ತಿರ ಬಂತಲ್ಲ, ಚೆನ್ನಾಗಿ ಬರೆಯಲಿ. ಚಿಕ್ಕವನಿಗೆ ದೊಡ್ಡಮ್ಮನ ಮುದ್ದು. ನಿನಗೂ ನಿನ್ನ ಯಜಮಾನರಿಗೂ ದೇವರು ಆಯುಸ್ಸು, ಆರೋಗ್ಯ ಕೊಡಲಿ. ಬಾಯಿಮಾತಿಗೆ ಹೇಳುತ್ತಿಲ್ಲ.

ಇಂತಿ,
ನಿನ್ನ ಅಕ್ಕ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹರಿದುಹಾಕಿ ಬೇರೆ ಬರೆಯೋಣವೆಂದರೆ ಧೈರ್ಯ ಸಾಲದು. ಉಪಕಾರವೂ ಇಲ್ಲ, ಮಣ್ಣೂ ಇಲ್ಲ. ಆ ನಾಲ್ಕು ಸಾಲು ಕಂಡ ಕ್ಷಣವೇ ನನಗೆ ಎಲ್ಲ ಅರ್ಥವಾಗಿತ್ತು. ಗಂಡ ಸೊರಗುತ್ತಿರುವುದು ಅವನಿಗೇ ತಿಳಿಯದಿರಲಿ ಎಂದು ಹಿಡಿದ ಹೊಲಿಗೆ ಅದು. ಕನ್ನಡಿ ಇಲ್ಲವಾದದ್ದೂ, ಔಷಧಿಯ ಪುಡಿಯನ್ನು ಗುಟ್ಟಾಗಿ ಬೆರೆಸಿದ್ದೂ ಅದಕ್ಕೇ. ತಿಳಿದೇ ಬಿಚ್ಚಿದೆ. ಆರು ವರ್ಷದ ಹಿಂದೆ ನಿನ್ನ ಭಾವನನ್ನು ತೋರಿಸಿದ ಆಸ್ಪತ್ರೆಯಲ್ಲೇ ನೀನು ನರ್ಸು, ರಿಪೋರ್ಟು ನಿನ್ನ ಕೈಯಲ್ಲೇ ಇತ್ತು. ಮೂರು ತಿಂಗಳು ‘ಬರೀ ಗ್ಯಾಸು ಅಕ್ಕಾ’ ಎಂದೆ. ನಾನು ನಂಬಿ ನಿನ್ನ ಭಾವನನ್ನು ಸೋಮಾರಿ ಎಂದು ಬೈದೆ. ನೀರು ಹಿಡಿದಿಡಲಿಲ್ಲ ಎಂದು ಬೈದೆ, ಹಗಲು ಮಲಗುತ್ತಾರೆ ಎಂದು ಬೈದೆ. ಹೋದ ದಿನ ಬೆಳಿಗ್ಗೆಯೂ ಬೈದೆ. ಸಾಯುತ್ತಿದ್ದ ಮನುಷ್ಯನನ್ನು, ಪುಟ್ಟಿ. ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ. ಆ ಸಿಟ್ಟನ್ನು ನಿನ್ನೆ ಒಬ್ಬ ಬಡಪಾಯಿಯ ಮೇಲೆ ತೀರಿಸಿಕೊಂಡೆ.

ಆದರೆ ನೆಂಟನ ಥರ ಇರಬೇಕಾಗುತ್ತೆ ಎಂದು ಅವರು ಹೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಾನು ಬೈಯುವಾಗ ನಿನ್ನ ಭಾವ ಸುಮ್ಮನೆ ನಗುತ್ತಿದ್ದರು. ಅವರಿಗೆ ಗೊತ್ತಿತ್ತಾ? ಅವಳಿಗೆ ಹೇಳಬೇಡ ಎಂದು ಅವರೇ ನಿನ್ನ ಹತ್ತಿರ ಮಾತು ತೆಗೆದುಕೊಂಡಿದ್ದರಾ? ಹೌದಾದರೆ ಹೌದು ಎಂದು ಬರಿ, ಇಲ್ಲವಾದರೆ ಇಲ್ಲ ಎಂದು ಬರಿ. ಅಕ್ಕನಿಗೆ ನೋವಾಗುತ್ತದೆ ಎಂದು ಈ ಸಲ ಮಾತ್ರ ಸುಳ್ಳು ಹೇಳಬೇಡ.