ಕೇಳದೆ ತೆಗೆದ ಬೀಗ

ಸಾಲ ವಸೂಲಿ ವಿಭಾಗದ ಸಾಹೇಬರಿಗೆ,

ಬೀಗ ರಿಪೇರಿ ಅಂಗಡಿಯವನ ನಮಸ್ಕಾರ. ಹಿಂದಿನ ಪತ್ರಗಳಿಗೆ ಉತ್ತರ ಬಂದಿಲ್ಲ. ನಿಮ್ಮವರ ಫೋನು ಮಾತ್ರ ತಪ್ಪದೆ ಬರುತ್ತಿದೆ.

ಕೀಲಿಕೈ ಕೊರೆಯುವ ಹೊಸ ಮೆಷಿನ್ನಿಗೆ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಅಲ್ಲಿನ ಮೇಡಂ ಕಂಪ್ಯೂಟರ್ ನೋಡಿ, "ಏನ್ರೀ, ಸಾಲಕ್ಕೆ ಇಷ್ಟೊಂದು ಅಲೆದಿದ್ದೀರಾ? ನಿಮ್ಮ ಕ್ರೆಡಿಟ್ ರಿಪೋರ್ಟ್ ತಿಂಗಳು ತಿಂಗಳು ಯಾರೋ ತೆಗೆಸಿ ನೋಡಿದ್ದಾರಲ್ಲ" ಎಂದರು. ನೋಡಿದವರ ಜಾಗದಲ್ಲೆಲ್ಲ ನಿಮ್ಮ ಕಂಪನಿಯ ಹೆಸರೇ ಇತ್ತು. ಅದೇ ಕಾರಣಕ್ಕೆ ಸಾಲ ಸಿಗಲಿಲ್ಲ.

ನಿಮಗೆ ಬಾಕಿ ಕೊಡಬೇಕಾಗಿರುವುದು ನನ್ನ ತಮ್ಮ. ನಾನು ಜಾಮೀನು ಹಾಕಿಲ್ಲ. ಅವನು ಅರ್ಜಿಯಲ್ಲಿ ಪರಿಚಯದವರು ಎಂದು ನನ್ನ ಹೆಸರು ಬರೆದಿದ್ದಾನೆ, ಅಷ್ಟೇ.

ಕೀಲಿಕೈ ಕಳೆದುಕೊಂಡು ಸ್ವಂತ ಮನೆ ಮುಂದೆ ನಿಂತವರು ಕರೆದರೂ, ಪಕ್ಕದ ಮನೆಯವರು ಬಂದು "ಹೌದಪ್ಪ, ಇವರದೇ ಮನೆ" ಅನ್ನುವವರೆಗೆ ನಾನು ಬೀಗ ಮುಟ್ಟುವುದಿಲ್ಲ. ನೀವು ನನ್ನನ್ನು ಒಂದು ಮಾತೂ ಕೇಳದೆ ಒಳಗೆ ಹೋಗಿ ಬಂದಿದ್ದೀರಿ.

ಯಾವ ಹಕ್ಕಿನಿಂದ ನೋಡಿದಿರೆಂದು ಬರೆದು ತಿಳಿಸಿ. ನೀವು ನೋಡಿದ್ದೀರಿ ಎಂಬ ದಾಖಲೆಗಳನ್ನು ನನ್ನ ರಿಪೋರ್ಟಿನಿಂದ ತೆಗೆಸಿ. ಇಲ್ಲವಾದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ಅಂಗಡಿ ಮುಚ್ಚಿಕೊಂಡು ಅಲೆಯಲು ಮೈಯಲ್ಲಿ ಕಸುವಿಲ್ಲ, ಆದರೂ ಹೋಗುತ್ತೇನೆ.

ತಮ್ಮ ಎಲ್ಲಿದ್ದಾನೆ ಎಂದು ನಿಮ್ಮವರು ಕೇಳಿದಾಗಲೆಲ್ಲ ಗೊತ್ತಿಲ್ಲ ಎಂದಿದ್ದೇನೆ. ಅದು ಸುಳ್ಳಲ್ಲ. ನನಗಿಂತ ಮೊದಲು ನಿಮಗೇ ಸಿಕ್ಕರೆ, ಬೈಯುವುದನ್ನೆಲ್ಲ ಬೈದು ಮುಗಿಸಿದ ಮೇಲೆ ಒಂದು ಮಾತು ಹೇಳಿ: ಮನೆಯ ಬೀಗ ಬದಲಾಯಿಸಿಲ್ಲ, ಅವನ ಹತ್ತಿರ ಇರುವ ಕೀಲಿಕೈಯೇ ಆಗುತ್ತದೆ.

ಇಂತಿ,
ಅವನ ಅಣ್ಣ