ತೊಟ್ಟಿಯ ತಳದ ತಟ್ಟೆ

ಮಾರ್ಚ್ ೯, ಭಾನುವಾರ

ಆ ತಟ್ಟೆ ಇನ್ನೂ ನೀರಿನಲ್ಲೇ ಇದೆ.

ಪಂಪು, ಹೀಟರು ಏನೂ ಬೇಡದ, ಕಿಟಕಿಯ ಬೆಳಕಿನಲ್ಲೇ ಗಿಡ ಬೆಳೆಯುವ ಮೀನಿನ ತೊಟ್ಟಿ ಮಾಡುತ್ತೇನೆಂದು ಜಂಭ ಕೊಚ್ಚಿಕೊಂಡಿದ್ದೆ. ಗಾಜಿನ ತಳಕ್ಕೆ ಮಣ್ಣು, ಮೇಲೆ ಮರಳು, ಅದರಲ್ಲಿ ಗಿಡ. ಮಣ್ಣು ಕದಡದಿರಲೆಂದು ಮರಳಿನ ಮೇಲೆ ಅತ್ತೆಯ ಊಟದ ತಟ್ಟೆಯಿಟ್ಟು, ಅದರ ಮೇಲೆ ನಿಧಾನವಾಗಿ ನೀರು ಸುರಿದೆ. ನೀರು ತಿಳಿಯಾಗಿಯೇ ನಿಂತಿತು. ಆ ಹಿಗ್ಗಿನಲ್ಲಿ ತಟ್ಟೆ ತೆಗೆಯುವುದನ್ನೇ ಮರೆತೆ. ಈಗ ಸುತ್ತಲೂ ಗಿಡಗಳು ಬೇರು ಬಿಟ್ಟಿವೆ. ಎತ್ತಿದರೆ ಇಡೀ ತೊಟ್ಟಿ ರಾಡಿ.

ಮಗಳ ಮನೆಗೆ ಹೋಗಿದ್ದ ಅತ್ತೆ ಇವತ್ತು ಬಂದರು. ಊಟಕ್ಕೆ ಕೂತವರೇ, "ನನ್ನ ತಟ್ಟೆ ಎಲ್ಲಮ್ಮಾ?" ಎಂದರು. ನಾನು ತೊಟ್ಟಿ ತೋರಿಸಿದೆ. ನಮ್ಮ ಯಜಮಾನರು ನಗು ತಡೆಯಲು ನೀರು ಕುಡಿದರು.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಗಿಡದ ಜೊತೆ ಬಂದಿದ್ದ ಪುಟ್ಟ ಬಸವನಹುಳು ತಟ್ಟೆಯ ನಡುವೆ ಕೂತು ಪಾಚಿ ಮೇಯುತ್ತಿತ್ತು.

"ನಾಳೆ ಹೇಗಾದ್ರೂ ತೆಗೀತೀನಿ ಅತ್ತೆ."

"ಬೇಡ ಬಿಡು. ಉಣ್ಣೋಕೆ ಕೂತವರನ್ನ ಯಾರಾದ್ರೂ ಎಬ್ಬಿಸ್ತಾರಾ?"

ಹಾಗೆಂದವರೇ ನನ್ನ ತಟ್ಟೆ ಎಳೆದುಕೊಂಡು ಬಡಿಸಿಕೊಂಡರು. ನಾನು ಪಾತ್ರೆಯ ಮುಚ್ಚಳದಲ್ಲಿ ಉಂಡೆ. ಎರಡು ತುತ್ತು ಜಾಸ್ತಿಯೇ ಸೇರಿತು.